ನಾಲ್ಕು ಕೋಟಿ ಅಂಕಿಯ ಸಂಖ್ಯೆ ಸಿಕ್ಕಿತು, ಬ್ಯಾಂಕಿನ ಬೀಗ ಹಾಗೆಯೇ ಇದೆ

2024ರ ಅಕ್ಟೋಬರ್ 12. ಮೈಸೂರಿನಲ್ಲಿ ಅಂದು ವಿಜಯದಶಮಿ, ಜಂಬೂ ಸವಾರಿಯ ದಿನ. ಅದೇ ದಿನಾಂಕದಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊದಲ್ಲಿದ್ದ ಒಂದು ಯಂತ್ರ ದೊಡ್ಡದೊಂದು ಲೆಕ್ಕವನ್ನು ಮುಗಿಸಿ ಕೊನೆಗೆ ಸೊನ್ನೆ ಎಂಬ ಉತ್ತರ ಕೊಟ್ಟಿತು. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಆ ಸೊನ್ನೆಯ ಅರ್ಥ, 4,10,24,320 ಅಂಕಿಗಳ ಒಂದು ಸಂಖ್ಯೆ ಅವಿಭಾಜ್ಯ ಎಂಬುದು. ಅಷ್ಟು ದೊಡ್ಡ ಅವಿಭಾಜ್ಯ ಸಂಖ್ಯೆ ಅದುವರೆಗೆ ಯಾರ ಕೈಗೂ ಸಿಕ್ಕಿರಲಿಲ್ಲ.

ಅಕ್ಟೋಬರ್ 21ರಂದು ಸುದ್ದಿ ಅಧಿಕೃತವಾಗಿ ಹೊರಬಿತ್ತು. ಅದೇ ತಿಂಗಳು ಇನ್ನೊಂದು ಸುದ್ದಿಯೂ ಹರಿದಾಡಿತು: ಚೀನಾದ ಸಂಶೋಧಕರು ಕ್ವಾಂಟಂ ಯಂತ್ರ (ಪರಮಾಣು ಮಟ್ಟದ ನಿಯಮಗಳನ್ನು ಬಳಸಿ ಲೆಕ್ಕ ಮಾಡುವ ಹೊಸ ಬಗೆಯ ಕಂಪ್ಯೂಟರ್) ಬಳಸಿ ಗೂಢಲಿಪಿಯನ್ನು ಮುರಿದಿದ್ದಾರೆ ಎಂಬುದು. ಎರಡರಲ್ಲೂ ಅವಿಭಾಜ್ಯ ಸಂಖ್ಯೆಗಳ ಮಾತಿತ್ತು, ಎರಡರಲ್ಲೂ ಕಂಪ್ಯೂಟರ್ ಇತ್ತು. ಓದಿದವರಿಗೆ ಎರಡೂ ಒಂದೇ ಕಥೆಯ ಎರಡು ಕಂತುಗಳಂತೆ ಕಂಡರೆ ಆಶ್ಚರ್ಯವಿಲ್ಲ. ಬ್ಯಾಂಕ್ ವಹಿವಾಟನ್ನು ಕಾಯುವ ಗೂಢಲಿಪಿಯಲ್ಲೂ ಅವಿಭಾಜ್ಯಗಳ ಬಳಕೆಯಿದೆ. ದೊಡ್ಡ ಅವಿಭಾಜ್ಯ ಸಿಕ್ಕಿತು, ಹಾಗಾದರೆ ಬ್ಯಾಂಕಿನ ಗುಟ್ಟು ಬಯಲಾಯಿತೇ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ಕೇಳುವುದು ಒಂದು ಪ್ರಶ್ನೆ. ಅವಿಭಾಜ್ಯವಲ್ಲದಿದ್ದರೆ ಅದು ಯಾವ ಯಾವ ಸಂಖ್ಯೆಗಳ ಗುಣಲಬ್ಧ ಎಂದು ಕೇಳುವುದು ಬೇರೆಯೇ ಪ್ರಶ್ನೆ. ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದ್ದೇ ಗೊಂದಲದ ಮೂಲ.

ಯಾವ ಮಗ್ಗಿಗೂ ಸಿಗದವು

ಮಂಡ್ಯದ ಆಲೆಮನೆಯೊಂದರಲ್ಲಿ 12 ಅಚ್ಚು ಬೆಲ್ಲವನ್ನು ಜೋಡಿಸಬೇಕು ಎಂದುಕೊಳ್ಳಿ. ಮೂರು ಸಾಲಿಗೆ ನಾಲ್ಕರಂತೆ ಇಡಬಹುದು, ಎರಡು ಸಾಲಿಗೆ ಆರರಂತೆಯೂ ಇಡಬಹುದು. ಇನ್ನೊಂದು ಅಚ್ಚು ಸೇರಿ 13 ಆಯಿತೆಂದರೆ ಕಥೆ ಮುಗಿಯಿತು. ಒಂದೇ ಉದ್ದ ಸಾಲಿನಲ್ಲಿ ಇಡಬೇಕು, ಇಲ್ಲವೇ ಒಂದಾದರೂ ಅಚ್ಚು ಸಾಲು ತಪ್ಪಿ ಹೊರಗೆ ಉಳಿಯಬೇಕು. ತನ್ನ ಮಗ್ಗಿ ಮತ್ತು ಒಂದರ ಮಗ್ಗಿ ಬಿಟ್ಟರೆ 13 ಬೇರೆ ಯಾವ ಮಗ್ಗಿಯಲ್ಲೂ ಕಾಣಿಸಿಕೊಳ್ಳುವುದಿಲ್ಲ. ಇಂಥವೇ ಅವಿಭಾಜ್ಯ ಸಂಖ್ಯೆಗಳು: 2, 3, 5, 7, 11, 13, 17, ಹೀಗೆ. 1ನ್ನು ಬಿಟ್ಟರೆ ಉಳಿದ ಸಂಖ್ಯೆಗಳೆಲ್ಲ ಇವುಗಳನ್ನು ಗುಣಿಸಿಯೇ ಆದವು, ಅದೂ ಒಂದೇ ಒಂದು ಬಗೆಯಲ್ಲಿ. 12 ಎಂದರೆ 2, 2 ಮತ್ತು 3ರ ಗುಣಲಬ್ಧ. ಬೇರೆ ಅವಿಭಾಜ್ಯಗಳನ್ನು ಹೇಗೆ ಗುಣಿಸಿದರೂ 12 ಬಾರದು.

ಇವುಗಳನ್ನು ಹುಡುಕುವ ಅತಿ ಹಳೆಯ ಉಪಾಯ ಗ್ರೀಸಿನ ಎರಟೋಸ್ತನೀಸನದು, ಎರಡು ಸಾವಿರ ವರ್ಷಕ್ಕೂ ಹಿಂದಿನದು. ಅದನ್ನು ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಮೇಲೆ ಚೆನ್ನಾಗಿ ತೋರಿಸಬಹುದು. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತುತ್ತಾರಲ್ಲ, ಹಾಗೆಯೇ ಒಬ್ಬರು 2ನೇ ಮೆಟ್ಟಿಲನ್ನು ಬಿಟ್ಟು ಅಲ್ಲಿಂದ ಮುಂದೆ 4, 6, 8 ಎಂದು ಎರಡರ ಮಗ್ಗಿಯ ಮೆಟ್ಟಿಲುಗಳಿಗೆಲ್ಲ ಕುಂಕುಮ ಹಚ್ಚಲಿ. ಮತ್ತೊಬ್ಬರು 3ನ್ನು ಬಿಟ್ಟು 6, 9, 12 ಎಂದು ಹೋಗಲಿ. ಆಮೇಲೆ 5, ಆಮೇಲೆ 7. ಸಾವಿರ ಮೆಟ್ಟಿಲಿಗೆ 31ರ ಮಗ್ಗಿಯವರೆಗೆ ಹೋದರೆ ಸಾಕು. ಏಕೆಂದರೆ 31ಕ್ಕಿಂತ ದೊಡ್ಡ ಎರಡು ಅವಿಭಾಜ್ಯಗಳನ್ನು ಗುಣಿಸಿದರೆ ಸಾವಿರ ದಾಟಿಬಿಡುತ್ತದೆ. ಎಲ್ಲ ಮುಗಿದ ಮೇಲೆ, ಒಂದನೇ ಮೆಟ್ಟಿಲನ್ನು ಲೆಕ್ಕಕ್ಕೆ ಹಿಡಿಯದೆ ನೋಡಿದರೆ, ಕುಂಕುಮ ತಾಗದ ಮೆಟ್ಟಿಲುಗಳು 168 ಉಳಿದಿರುತ್ತವೆ. ಕೊನೆಯದು 997.

ಸಾವಿರಕ್ಕೆ ಈ ಉಪಾಯ ಸಾಕು, ಕೋಟಿಗೂ ಕಂಪ್ಯೂಟರ್ ಇದನ್ನು ಸಲೀಸಾಗಿ ಮಾಡುತ್ತದೆ. ನಾಲ್ಕು ಕೋಟಿಗೆ ಆದೀತಲ್ಲ ಎನ್ನುವಿರಾದರೆ, ಇಲ್ಲಿ ತುಸು ನಿಲ್ಲಬೇಕು. ಸುದ್ದಿಯಲ್ಲಿರುವುದು ನಾಲ್ಕು ಕೋಟಿ ಎಂಬ ಸಂಖ್ಯೆಯಲ್ಲ, ನಾಲ್ಕು ಕೋಟಿ ಅಂಕಿಗಳಿರುವ ಸಂಖ್ಯೆ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರಿಟ್ಟಿದ್ದ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಈ ಹೊಸ ಸಂಖ್ಯೆಗೆ ಹಾಗೆ ಹೆಸರಿಡಲು ಹೊರಟರೆ ನಾಲ್ಕು ಕೋಟಿಗೂ ಹೆಚ್ಚು ಹೆಸರು ಬೇಕು. ಸೆಕೆಂಡಿಗೆ ಒಂದು ಅಂಕಿಯಂತೆ, ಊಟ ನಿದ್ದೆ ಇಲ್ಲದೆ ಓದಿದರೂ ಸುಮಾರು 475 ದಿನ ಹಿಡಿಯುತ್ತದೆ. ಈ ದಸರಾಕ್ಕೆ ಆರಂಭಿಸಿದವರು ಮುಂದಿನ ದಸರಾ ಕಳೆದ ಮೇಲೂ ಓದುತ್ತಲೇ ಇರುತ್ತಾರೆ.

‘ಅತಿ ದೊಡ್ಡದು’ ಎಂಬ ತಪ್ಪು

ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಪತ್ತೆ ಎಂಬ ಶೀರ್ಷಿಕೆಯಲ್ಲಿ ಒಂದು ಪದ ಬಿಟ್ಟುಹೋಗಿದೆ. ಇದು ಗೊತ್ತಿರುವವುಗಳಲ್ಲಿ ದೊಡ್ಡದು. ಎಲ್ಲಕ್ಕಿಂತ ದೊಡ್ಡ ಅವಿಭಾಜ್ಯ ಎಂಬುದು ಇಲ್ಲವೇ ಇಲ್ಲ. ಯೂಕ್ಲಿಡ್ ಕ್ರಿಸ್ತಪೂರ್ವ 300ರ ಸುಮಾರಿಗೇ ಇದನ್ನು ತೋರಿಸಿದ್ದಾನೆ. ನಿಮಗೆ ಗೊತ್ತಿರುವ ಅವಿಭಾಜ್ಯಗಳನ್ನೆಲ್ಲ ಗುಣಿಸಿ 1 ಕೂಡಿಸಿ. ಬಂದ ಸಂಖ್ಯೆಯನ್ನು ಅವುಗಳಲ್ಲಿ ಯಾವುದರಿಂದ ಭಾಗಿಸಿದರೂ ಶೇಷ 1 ಉಳಿಯುತ್ತದೆ. ಹಾಗಾಗಿ ಒಂದೋ ಅದೇ ಹೊಸ ಅವಿಭಾಜ್ಯ, ಇಲ್ಲವೇ ಅದರೊಳಗೆ ಹೊಸದೊಂದು ಅವಿಭಾಜ್ಯ ಅಡಗಿದೆ. 2, 3, 5, 7, 11, 13ನ್ನು ಗುಣಿಸಿ 1 ಕೂಡಿಸಿದರೆ 30,031. ಅದು 59 ಮತ್ತು 509ರ ಗುಣಲಬ್ಧ. ಎರಡೂ ಮೊದಲ ಪಟ್ಟಿಯಲ್ಲಿ ಇರಲಿಲ್ಲ.

ಇದಕ್ಕೂ ಮುಂಚಿನ ದಾಖಲೆ 2018ರ ಡಿಸೆಂಬರ್‌ನದು, 2,48,62,048 ಅಂಕಿಗಳದು. ಆ ಸಂಖ್ಯೆಗೂ ಹೊಸದಕ್ಕೂ ನಡುವೆ ಬೇರೆ ಅವಿಭಾಜ್ಯಗಳಿಲ್ಲ ಎಂದಲ್ಲ, ಊಹೆಗೂ ನಿಲುಕದಷ್ಟಿವೆ. ನಾಲ್ಕು ಕೋಟಿ ಅಂಕಿಗಳ ಆ ಎತ್ತರದಲ್ಲೂ ಸರಾಸರಿ 9.4 ಕೋಟಿ ಸಂಖ್ಯೆಗಳಿಗೆ ಒಂದರಂತೆ ಅವಿಭಾಜ್ಯ ಸಿಗಬೇಕು ಎಂದು ಗಣಿತ ಹೇಳುತ್ತದೆ. ಅವು ಇವೆ ಎಂದು ಗೊತ್ತು, ಇಂಥದೇ ಎಂದು ಬೆರಳಿಟ್ಟು ತೋರಿಸಲು ಬಾರದು.

ಹಾಗಾದರೆ ಇದೊಂದನ್ನು ಮಾತ್ರ ಹೇಗೆ ತೋರಿಸಿದರು? ಈ ಸಂಖ್ಯೆಯ ಹುಟ್ಟು ಬೇರೆ ಬಗೆಯದು.

ಒಂದು ದೀಪವೂ ಆರದ ಅರಮನೆ

2ನ್ನು 2ರಿಂದಲೇ ಗುಣಿಸುತ್ತ ಹೋಗಿ, ಒಟ್ಟು 13,62,79,841 ಎರಡುಗಳ ಗುಣಲಬ್ಧ ತೆಗೆದು, ಅದರಿಂದ 1 ಕಳೆಯಿರಿ. ಇದೇ ಆ ಸಂಖ್ಯೆ. ನಾಲ್ಕು ಕೋಟಿ ಅಂಕಿ ಎಂದು ಹೆದರಿಸುವ ಸಂಖ್ಯೆಯನ್ನು ಹೀಗೆ ಒಂದೇ ಸಾಲಿನಲ್ಲಿ ಎಸ್‌ಎಂಎಸ್ ಕಳುಹಿಸಬಹುದು. 88169 ಎಂದು ಆರಂಭವಾಗಿ 551 ಎಂದು ಮುಗಿಯುತ್ತದೆ. ಕೊನೆಯ ಅಂಕಿ 1 ಎಂಬುದನ್ನು ಯಾರು ಬೇಕಾದರೂ ಕುಳಿತಲ್ಲೇ ಪರಿಶೀಲಿಸಬಹುದು. 2ರ ಘಾತಗಳ ಕೊನೆಯ ಅಂಕಿ 2, 4, 8, 6 ಎಂದು ನಾಲ್ಕರ ಸುತ್ತಿನಲ್ಲಿ ತಿರುಗುತ್ತದೆ. 13,62,79,841ನ್ನು 4ರಿಂದ ಭಾಗಿಸಿದರೆ ಶೇಷ 1. ಆದ್ದರಿಂದ ಘಾತದ ಕೊನೆಯ ಅಂಕಿ 2, ಅದರಿಂದ 1 ಕಳೆದರೆ 1.

2ರ ಘಾತದಿಂದ 1 ಕಳೆದು ಬರುವ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯಗಳು ಎಂದು ಹೆಸರು. ಮರೆನ್ ಮರ್ಸೆನ್ 17ನೇ ಶತಮಾನದ ಫ್ರಾನ್ಸಿನ ಕ್ರೈಸ್ತ ಸನ್ಯಾಸಿ. 1644ರಲ್ಲಿ ಆತ ಯಾವ ಯಾವ ಘಾತಗಳಿಗೆ ಇಂಥ ಅವಿಭಾಜ್ಯ ಸಿಗುತ್ತದೆ ಎಂದು 257ರವರೆಗಿನ ಒಂದು ಪಟ್ಟಿ ಕೊಟ್ಟ. ಅದರಲ್ಲಿ 67 ಮತ್ತು 257 ತಪ್ಪಾಗಿ ಸೇರಿದ್ದವು. 61, 89, 107 ಬಿಟ್ಟುಹೋಗಿದ್ದವು. ಐದು ತಪ್ಪು ಮಾಡಿದರೂ ಹೆಸರು ಮಾತ್ರ ಅವನದೇ ಉಳಿಯಿತು.

ಈ ಸಂಖ್ಯೆಗಳನ್ನು ಕಂಪ್ಯೂಟರ್ ಬಳಸುವ ದ್ವಿಮಾನ ಪದ್ಧತಿಯಲ್ಲಿ, ಅಂದರೆ ಬರೀ 0 ಮತ್ತು 1ರಲ್ಲಿ ಬರೆದರೆ ಅವುಗಳ ರೂಪ ಎದ್ದು ಕಾಣುತ್ತದೆ. 3 ಎಂದರೆ 11, 7 ಎಂದರೆ 111, 31 ಎಂದರೆ 11111. ಹೊತ್ತಿದ ದೀಪ 1, ಆರಿದ ದೀಪ 0 ಎಂದುಕೊಂಡರೆ, ಇದು ದಸರಾ ರಾತ್ರಿ ಒಂದು ಬಲ್ಬೂ ಆರದೆ ಬೆಳಗುವ ಅರಮನೆ. ಮೈಸೂರು ಅರಮನೆಯಲ್ಲಿ ಲಕ್ಷದ ಆಸುಪಾಸು ಬಲ್ಬುಗಳಿವೆ. ಹೊಸ ಸಂಖ್ಯೆಗೆ 13.6 ಕೋಟಿ ಬಲ್ಬು ಬೇಕು, ಎಂದರೆ ಸಾವಿರದ ಮುನ್ನೂರಕ್ಕೂ ಹೆಚ್ಚು ಅರಮನೆಗಳು ಬೇಕು.

ಬಲ್ಬುಗಳ ಎಣಿಕೆಯೇ ಸಮನಾಗಿ ಹಂಚಿಹೋಗುವಂತಿದ್ದರೆ ಸಂಖ್ಯೆಯೂ ಒಡೆಯುತ್ತದೆ. ಆರು ಬಲ್ಬು ಎಂದರೆ 111111. ಇದನ್ನು 111, 111 ಎಂದು ಎರಡು ತುಂಡು ಮಾಡಬಹುದು. ಹಾಗಾಗಿ ಅದು 111ರಿಂದ, ಅಂದರೆ 7ರಿಂದ ಭಾಗವಾಗಲೇಬೇಕು. ಸಂಖ್ಯೆ 63, ಅದು 7 ಮತ್ತು 9ರ ಗುಣಲಬ್ಧ. ಆದ್ದರಿಂದ ಘಾತವೂ, ಅಂದರೆ ಬಲ್ಬುಗಳ ಎಣಿಕೆಯೂ, ಅವಿಭಾಜ್ಯವಾಗಿದ್ದರೆ ಮಾತ್ರ ಆಸೆ ಇಟ್ಟುಕೊಳ್ಳಬಹುದು. ಆಸೆ ಮಾತ್ರ, ಭರವಸೆಯಲ್ಲ. 11 ಅವಿಭಾಜ್ಯ, ಆದರೆ 2ರ 11ನೇ ಘಾತದಿಂದ 1 ಕಳೆದರೆ ಬರುವ 2047, 23 ಮತ್ತು 89ರ ಗುಣಲಬ್ಧ. ಘಾತ ದೊಡ್ಡದಾದಷ್ಟೂ ಹೀಗೆ ಕೈಕೊಡುವವೇ ಹೆಚ್ಚು. ಇದುವರೆಗೆ ಸಿಕ್ಕಿರುವ ಮರ್ಸೆನ್ ಅವಿಭಾಜ್ಯಗಳು 52. ಸಿಕ್ಕ ಎಣಿಕೆಯಲ್ಲಿ ಇದು 52ನೆಯದು. ಇದಕ್ಕಿಂತ ಸಣ್ಣ ಘಾತಗಳೆಲ್ಲವೂ ಎರಡೆರಡು ಬಾರಿ ಪರೀಕ್ಷೆಯಾಗಿ ಮುಗಿಯುವವರೆಗೆ ಸಾಲಿನಲ್ಲೂ 52ನೆಯದೇ ಎನ್ನುವಂತಿಲ್ಲ.

ಎಲ್ಲ ಅಂಕಿಯೂ 1 ಆಗಿರುವುದರಿಂದ ಆಗುವ ನಿಜವಾದ ಲಾಭ ಭಾಗಾಕಾರದಲ್ಲಿದೆ. 9ರಿಂದ ಭಾಗಿಸಿದಾಗ ಉಳಿಯುವ ಶೇಷ ಬೇಕಿದ್ದರೆ ಅಂಕಿಗಳನ್ನು ಕೂಡಿದರೆ ಸಾಕು ಎಂಬುದು ಶಾಲೆಯಲ್ಲಿ ಕಲಿತದ್ದೇ. 999ಕ್ಕೂ ಹಾಗೆಯೇ, ಮೂರು ಮೂರು ಅಂಕಿಯಾಗಿ ಕತ್ತರಿಸಿ ಕೂಡಬೇಕು. 1,23,456ನ್ನು 999ರಿಂದ ಭಾಗಿಸಿದರೆ ಶೇಷ, 123 ಮತ್ತು 456 ಕೂಡಿ ಬರುವ 579. ದಶಮಾನದಲ್ಲಿ ಬರೀ 9ಗಳ ಸಂಖ್ಯೆಗೆ ಇರುವ ಈ ಗುಣ ದ್ವಿಮಾನದಲ್ಲಿ ಬರೀ 1ಗಳ ಸಂಖ್ಯೆಗೆ ಇದೆ. ಮರ್ಸೆನ್ ಸಂಖ್ಯೆಯಿಂದ ಭಾಗಿಸಲು ಕಂಪ್ಯೂಟರ್ ನಿಜವಾಗಿ ಭಾಗಿಸಬೇಕಿಲ್ಲ, ಕತ್ತರಿಸಿ ಕೂಡಿದರೆ ಆಯಿತು. ಗೊತ್ತಿರುವ ದೈತ್ಯ ಅವಿಭಾಜ್ಯಗಳಲ್ಲಿ ಮೇಲಿನ ಸ್ಥಾನಗಳೆಲ್ಲ ಇದೇ ಮನೆತನದ ಪಾಲಾಗಿರುವುದಕ್ಕೆ ಈ ಅನುಕೂಲವೂ ಒಂದು ಕಾರಣ. ಇನ್ನೊಂದು ಕಾರಣ ಮುಂದಿನದು.

ಕೊನೆಗೆ ಸೊನ್ನೆ ಬಂದರೆ ಗೆದ್ದಂತೆ

ಫ್ರಾನ್ಸಿನ ಎದುವಾರ್ ಲುಕಾ 19ನೇ ಶತಮಾನದಲ್ಲಿ ಕಂಡುಕೊಂಡು, ಅಮೆರಿಕದ ಡಿ. ಎಚ್. ಲೆಹ್ಮರ್ 20ನೇ ಶತಮಾನದಲ್ಲಿ ಅಚ್ಚುಕಟ್ಟಾಗಿಸಿದ ಪರೀಕ್ಷೆಯೊಂದಿದೆ. ಅದು ಮರ್ಸೆನ್ ಸಂಖ್ಯೆಗಳಿಗೆಂದೇ ಹೊಲಿದ ಅಂಗಿ. 4ರಿಂದ ಆರಂಭಿಸಿ. ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಿ. ಮತ್ತೆ ಅದನ್ನೇ ಮಾಡಿ. ಘಾತಕ್ಕಿಂತ ಎರಡು ಕಡಿಮೆ ಬಾರಿ ಮಾಡಿದ ಮೇಲೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬೇರೆ ಏನು ಬಂದರೂ ಅಲ್ಲ.

2ರ 7ನೇ ಘಾತದಿಂದ 1 ಕಳೆದರೆ 127. ಇದನ್ನು ಐದು ಹೆಜ್ಜೆಯಲ್ಲಿ ನೋಡೋಣ. 4ರ ವರ್ಗ 16, ಎರಡು ಕಳೆದರೆ 14. 14ರ ವರ್ಗದಿಂದ 2 ಕಳೆದರೆ 194, 127ರಿಂದ ಭಾಗಿಸಿದರೆ ಶೇಷ 67. 67ರಿಂದ 4487, ಶೇಷ 42. 42ರಿಂದ 1762, ಶೇಷ 111. 111ರಿಂದ 12,319, ಅದು 127ರ 97 ಪಟ್ಟು, ಶೇಷ ಸೊನ್ನೆ. 127 ಅವಿಭಾಜ್ಯ. ಇದೇ ಲೆಕ್ಕವನ್ನು 2047ಕ್ಕೆ ಒಂಬತ್ತು ಹೆಜ್ಜೆ ಮಾಡಿದರೆ ಕೊನೆಗೆ 1736 ಉಳಿಯುತ್ತದೆ. ಆ 1736ನ್ನು ಎಷ್ಟು ದಿಟ್ಟಿಸಿ ನೋಡಿದರೂ 23 ಮತ್ತು 89ರ ಸುಳಿವು ಅದರಲ್ಲಿಲ್ಲ. ಇದನ್ನು ನೆನಪಿಟ್ಟುಕೊಂಡಿರಿ.

ಹೊಸ ಸಂಖ್ಯೆಗೆ ಇಂಥ ಹೆಜ್ಜೆಗಳು 13,62,79,839. ಪ್ರತಿ ಹೆಜ್ಜೆಯಲ್ಲೂ ನಾಲ್ಕು ಕೋಟಿ ಅಂಕಿಗಳ ಸಂಖ್ಯೆಯೊಂದನ್ನು ವರ್ಗ ಮಾಡಬೇಕು. ಶಾಲೆಯಲ್ಲಿ ಕಲಿಸಿದ ಗುಣಾಕಾರವಾದರೆ ಆಗದ ಮಾತು. ಅದಕ್ಕೆಂದೇ ವೇಗದ ಗುಣಾಕಾರ ವಿಧಾನಗಳಿವೆ. ಈ ಕೆಲಸವನ್ನು ಜಗತ್ತಿನ ಉದ್ದಗಲಕ್ಕೆ ಹಂಚುವ ಗಿಂಪ್ಸ್ ಎಂಬ ಸ್ವಯಂಸೇವಾ ಯೋಜನೆಯನ್ನು 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಆರಂಭಿಸಿದರು. ಮನೆಯ ಕಂಪ್ಯೂಟರ್ ಸುಮ್ಮನಿರುವಾಗ ಅದರಲ್ಲಿ ಒಂದು ಘಾತದ ಲೆಕ್ಕ ನಡೆಯಲಿ ಎಂಬುದು ಅಲ್ಲಿನ ವ್ಯವಸ್ಥೆ. 28 ವರ್ಷ ಹಾಗೆಯೇ ಸಾಗಿತು.

ಈ ಬಾರಿ ಆ ಕ್ರಮ ಮುರಿಯಿತು. ಚಿಪ್ ಕಂಪನಿ ಎನ್‌ವಿಡಿಯಾದಲ್ಲಿ ಮೊದಲು ಉದ್ಯೋಗಿಯಾಗಿದ್ದ ಲ್ಯೂಕ್ ಡ್ಯುರಾಂಟ್ 17 ದೇಶಗಳ ದತ್ತಾಂಶ ಕೇಂದ್ರಗಳಲ್ಲಿ ಸಾವಿರಾರು ಗ್ರಾಫಿಕ್ಸ್ ಚಿಪ್‌ಗಳನ್ನು ಜೋಡಿಸಿ ಹುಡುಕಿದರು. ಅಕ್ಟೋಬರ್ 11ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಚಿಪ್ ಒಂದು, ಇದು ಬಹುಶಃ ಅವಿಭಾಜ್ಯ ಎಂದಿತು. ಬಹುಶಃ ಏಕೆಂದರೆ ಮೊದಲ ಸುತ್ತಿನಲ್ಲಿ ಬಳಸುವುದು ಫ್ರಾನ್ಸಿನ ಗಣಿತಜ್ಞ ಫರ್ಮಾ ಕಂಡುಕೊಂಡ ನಿಯಮದ ಮೇಲೆ ನಿಂತ ಪರೀಕ್ಷೆ. ಅವಿಭಾಜ್ಯಗಳೆಲ್ಲ ಅದರಲ್ಲಿ ಪಾಸಾಗುತ್ತವೆ, ಆದರೆ ಕೆಲವು ಕಳ್ಳ ಸಂಖ್ಯೆಗಳೂ ಜೊತೆಗೆ ನುಸುಳಿಬಿಡುತ್ತವೆ. 11 ಮತ್ತು 31ರ ಗುಣಲಬ್ಧವಾದ 341, ಎರಡನ್ನು ಆಧಾರವಾಗಿಟ್ಟ ಆ ಪರೀಕ್ಷೆಯಲ್ಲಿ ಅವಿಭಾಜ್ಯದಂತೆಯೇ ನಟಿಸುತ್ತದೆ. ಹಾಗಾಗಿ ಮರುದಿನ ಸ್ಯಾನ್ ಆಂಟೋನಿಯೊದಲ್ಲಿ ಲುಕಾ-ಲೆಹ್ಮರ್ ಪರೀಕ್ಷೆಯ ಸೊನ್ನೆ ಬಂದ ಮೇಲೆಯೇ ವಿಷಯ ಇತ್ಯರ್ಥವಾದದ್ದು.

ಒಡೆಯುತ್ತದೆ ಎಂದು ಗೊತ್ತು, ಹೇಗೆಂದು ಗೊತ್ತಿಲ್ಲ

ಗೊಂದಲದ ಗಂಟು ಬಿಚ್ಚುವ ಜಾಗ ಇದು. ಮರ್ಸೆನ್‌ನ ಪಟ್ಟಿಯಲ್ಲಿ ತಪ್ಪಾಗಿ ಸೇರಿದ್ದ 67ನೇ ಘಾತವನ್ನೇ ತೆಗೆದುಕೊಳ್ಳಿ. 1876ರಲ್ಲಿ ಲುಕಾ ತನ್ನ ಪರೀಕ್ಷೆಯಿಂದ ಅದು ಅವಿಭಾಜ್ಯವಲ್ಲ ಎಂದು ತೋರಿಸಿದ. ಸರಿ, ಹಾಗಾದರೆ ಅದು ಯಾವ ಎರಡು ಸಂಖ್ಯೆಗಳ ಗುಣಲಬ್ಧ? ಲುಕಾನಿಗೆ ಗೊತ್ತಿರಲಿಲ್ಲ. ಮುಂದಿನ 27 ವರ್ಷ ಯಾರಿಗೂ ಗೊತ್ತಿರಲಿಲ್ಲ. 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಉತ್ತರ ಕೊಟ್ಟ: 147573952589676412927 ಎಂಬ ಆ ಸಂಖ್ಯೆ 193707721 ಮತ್ತು 761838257287ರ ಗುಣಲಬ್ಧ. ಸಭೆಯಲ್ಲಿ ಆತ ಒಂದೂ ಮಾತಾಡದೆ ಕಪ್ಪು ಹಲಗೆಯ ಮೇಲೆ ಗುಣಾಕಾರ ಮಾಡಿ ಬಂದು ಕುಳಿತ ಎಂಬ ಕಥೆಯಿದೆ. ಕಥೆ ನಿಜವೋ ಬಣ್ಣ ಹಚ್ಚಿದ್ದೋ, ಗುಣಾಕಾರ ಮಾತ್ರ ಸರಿಯಾಗಿದೆ.

ಇದೇ ಸ್ಥಿತಿ ಇಂದಿಗೂ ಇದೆ. 2ರ 1277ನೇ ಘಾತದಿಂದ 1 ಕಳೆದ ಸಂಖ್ಯೆಗೆ ಬರೀ 385 ಅಂಕಿ. ಅದು ಅವಿಭಾಜ್ಯವಲ್ಲ ಎಂಬುದು ಖಚಿತ. ಆದರೆ ಅದರ ಒಂದೇ ಒಂದು ಅಪವರ್ತನವೂ ಸಿಕ್ಕಿಲ್ಲ. ನಾಲ್ಕು ಕೋಟಿ ಅಂಕಿಯ ಸಂಖ್ಯೆಯನ್ನು ಅವಿಭಾಜ್ಯ ಎಂದು ಸಾಬೀತು ಮಾಡಿದವರ ಕೈಗೆ 385 ಅಂಕಿಯ ಸಂಖ್ಯೆಯನ್ನು ಒಡೆಯಲು ಆಗುತ್ತಿಲ್ಲ.

ಪರೀಕ್ಷೆ ಸುಲಭ ಎಂಬುದು ಮರ್ಸೆನ್ ಸಂಖ್ಯೆಗಳ ಭಾಗ್ಯ ಮಾತ್ರವಲ್ಲ. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಯಾವ ಸಂಖ್ಯೆಯನ್ನಾದರೂ ಅವಿಭಾಜ್ಯವೇ ಅಲ್ಲವೇ ಎಂದು, ಸಂದೇಹಕ್ಕೆ ಎಡೆಯಿಲ್ಲದಂತೆ, ಅಂಕಿಗಳು ಹೆಚ್ಚಿದರೂ ಸಮಯ ಕೈಮೀರದಂತೆ ನಿರ್ಧರಿಸುವ ವಿಧಾನ ಕೊಟ್ಟರು. ಕಯಾಲ್ ಮತ್ತು ಸಕ್ಸೇನಾ ಆಗಷ್ಟೇ ಬಿ.ಟೆಕ್ ಮುಗಿಸಿದ್ದವರು. ದಾಖಲೆಯ ಬೇಟೆಗೆ ಈ ವಿಧಾನ ನಿಧಾನವಾಯಿತು, ನಿಜ. ಆದರೆ ಪರೀಕ್ಷಿಸುವುದು ತತ್ವತಃ ಸುಲಭ ಎಂಬ ಮಾತಿಗೆ ಅದು ಮುದ್ರೆ ಒತ್ತಿತು. ಒಡೆಯುವುದಕ್ಕೆ ಅಂಥ ವಿಧಾನವೊಂದು ಸಾಮಾನ್ಯ ಕಂಪ್ಯೂಟರ್‌ಗಳಿಗೆ ಇನ್ನೂ ಸಿಕ್ಕಿಲ್ಲ. ಸಿಗಲಾರದು ಎಂದೂ ಯಾರೂ ಸಾಬೀತು ಮಾಡಿಲ್ಲ.

ಬ್ಯಾಂಕಿನ ಬೀಗ ನಿಂತಿರುವುದು ಎಲ್ಲಿ

1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು, ಅವಿಭಾಜ್ಯ ಹುಡುಕಿ ಗುಣಿಸುವುದು ಸುಲಭ, ಒಡೆಯುವುದು ಕಷ್ಟ ಎಂಬ ಈ ಅಂತರದ ಮೇಲೆಯೇ ಒಂದು ಬೀಗ ಕಟ್ಟಿದರು. ಅವರ ಹೆಸರಿನ ಮೊದಲಕ್ಷರಗಳಿಂದ ಅದು ಆರ್‌ಎಸ್‌ಎ. 89 ಮತ್ತು 97ನ್ನು ಗುಣಿಸಿದರೆ 8633, ಒಂದು ನಿಮಿಷದ ಕೆಲಸ. 8633 ಮಾತ್ರ ಕೊಟ್ಟು ಒಡೆಯಿರಿ ಎಂದರೆ 2, 3, 5 ಎಂದು ಒಂದೊಂದೇ ಅವಿಭಾಜ್ಯ ಹಾಕಿ ನೋಡುತ್ತ 24ನೇ ಯತ್ನಕ್ಕೆ 89 ಸಿಗುತ್ತದೆ. ಅಂಕಿಗಳು ಬೆಳೆದಂತೆ ಗುಣಿಸುವ ಕೆಲಸ ಸ್ವಲ್ಪವೇ ಹೆಚ್ಚುತ್ತದೆ, ಒಡೆಯುವ ಕೆಲಸ ಬೆಟ್ಟವಾಗುತ್ತದೆ. ಗುಣಲಬ್ಧವನ್ನು ಊರಿಗೆಲ್ಲ ಸಾರಿದರೂ ಚಿಂತೆಯಿಲ್ಲ. ಅದರಿಂದ ಯಾರು ಬೇಕಾದರೂ ಬೀಗ ಹಾಕಬಹುದು. ತೆಗೆಯಲು ಆ ಎರಡು ಅವಿಭಾಜ್ಯಗಳು ಗೊತ್ತಿರಬೇಕು, ಅವು ಬ್ಯಾಂಕಿನ ಸರ್ವರ್‌ನಲ್ಲಿ ಭದ್ರ.

ಈಗ ಸಾಮಾನ್ಯವಾಗಿ ಬಳಕೆಯಲ್ಲಿರುವ ಆರ್‌ಎಸ್‌ಎ ಸಂಖ್ಯೆಗೆ 617 ಅಂಕಿ. ಬಹಿರಂಗವಾಗಿ ಒಡೆದು ತೋರಿಸಿದ ದೊಡ್ಡ ಆರ್‌ಎಸ್‌ಎ ಸವಾಲಿನ ಸಂಖ್ಯೆ 250 ಅಂಕಿಗಳದು, 2020ರಲ್ಲಿ. ಒಂದೇ ಪ್ರೊಸೆಸರ್ ಕೋರ್ ಆ ಕೆಲಸಕ್ಕೆ ಕೂತಿದ್ದರೆ ಸುಮಾರು 2,700 ವರ್ಷ ಹಿಡಿಯುತ್ತಿತ್ತು.

ಹೊಸ ದೈತ್ಯ ಅವಿಭಾಜ್ಯವನ್ನು ಬೀಗಕ್ಕೆ ಬಳಸಿದರೆ ಬೀಗ ಇನ್ನೂ ಗಟ್ಟಿಯಾಗುವುದಿಲ್ಲವೇ? ಇಲ್ಲ, ಅದರಷ್ಟು ಕೆಟ್ಟ ಆಯ್ಕೆ ಇನ್ನೊಂದಿಲ್ಲ. ಗುಟ್ಟಾಗಿರಬೇಕಾದ ಸಂಖ್ಯೆ ಜಗತ್ತಿಗೆಲ್ಲ ಗೊತ್ತಿದೆ. ಗೊತ್ತಿರುವ ಮರ್ಸೆನ್ ಅವಿಭಾಜ್ಯಗಳೇ 52, ಕಳ್ಳನು 52 ಬಾರಿ ಯತ್ನಿಸಿದರೆ ಮುಗಿಯಿತು. ದಸರಾ ವಸ್ತುಪ್ರದರ್ಶನದ ಮಳಿಗೆಯಲ್ಲಿ ತೂಗುಹಾಕಿದ ಬೀಗದ ಕೈಯಿಂದ ಮನೆಗೆ ಬೀಗ ಹಾಕಿದಂತೆ. ಬ್ಯಾಂಕಿಗೆ ಬೇಕಾಗಿರುವುದು ಯಾರಿಗೂ ಹೆಸರೇ ಗೊತ್ತಿಲ್ಲದ ಸಾಧಾರಣ ಅವಿಭಾಜ್ಯಗಳು, ಒಂದೊಂದೂ ಸುಮಾರು 308 ಅಂಕಿಗಳವು. ಅಂಥವು ಎಷ್ಟಿವೆ ಎಂದರೆ 1ರ ಮುಂದೆ 305 ಸೊನ್ನೆ ಇಡುವಷ್ಟು. ಕಂಪ್ಯೂಟರ್ ಅವುಗಳಲ್ಲಿ ಒಂದೆರಡನ್ನು ಕ್ಷಣಾರ್ಧದಲ್ಲಿ ಹೆಕ್ಕಿಕೊಳ್ಳುತ್ತದೆ, ಏಕೆಂದರೆ ಪರೀಕ್ಷಿಸುವುದು ಸುಲಭ.

ಆದ್ದರಿಂದ ಮಂಡ್ಯದ ಬೆಲ್ಲದ ಮಾರುಕಟ್ಟೆಯಲ್ಲಿ ಕ್ಯೂಆರ್ ಕೋಡ್ ತೋರಿಸಿ ಹಣ ಪಡೆಯುವವರಿಗಾಗಲಿ, ಮೈಸೂರಿನಲ್ಲಿ ಮೊಬೈಲಿನಿಂದಲೇ ವಿದ್ಯುತ್ ಬಿಲ್ ಕಟ್ಟುವವರಿಗಾಗಲಿ ಅಕ್ಟೋಬರ್ 12ರಂದು ಏನೂ ಬದಲಾಗಲಿಲ್ಲ. ಅಂದಹಾಗೆ ಜನರ ಖಾತೆಗಳು ಖಾಲಿಯಾಗುವ ವಂಚನೆಗಳಲ್ಲಿ ಯಾರೂ ಸಂಖ್ಯೆ ಒಡೆಯುತ್ತ ಕೂರುವುದಿಲ್ಲ. ಫೋನ್ ಮಾಡಿ ಒಟಿಪಿ ಕೇಳುತ್ತಾರೆ.

ಏಳು ಅಂಕಿಯ ಗದ್ದಲ

ಇನ್ನು ಚೀನಾದ ಸುದ್ದಿ. ಶಾಂಘೈ ವಿಶ್ವವಿದ್ಯಾಲಯದ ಸಂಶೋಧಕರು ಡಿ-ವೇವ್ ಕಂಪನಿಯ ಕ್ವಾಂಟಂ ಯಂತ್ರ ಬಳಸಿ ಒಡೆದದ್ದು 22 ಬಿಟ್‌ಗಳ, ಅಂದರೆ ದ್ವಿಮಾನದಲ್ಲಿ 22 ಅಂಕಿಗಳ ಸಂಖ್ಯೆಯನ್ನು. ಅಂಥ ಸಂಖ್ಯೆ 41,94,303 ದಾಟುವುದಿಲ್ಲ, ಏಳೇ ಅಂಕಿ. ಅದನ್ನು ಒಡೆಯಲು 2048ರ ಒಳಗಿನ 309 ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಆಯಿತು. ಕ್ಯಾಲ್ಕ್ಯುಲೇಟರ್ ಹಿಡಿದ ಹೈಸ್ಕೂಲು ವಿದ್ಯಾರ್ಥಿಗೆ ಒಂದು ಮಧ್ಯಾಹ್ನದ ಕೆಲಸ. ಸಂಶೋಧನೆಯ ವಿಧಾನದಲ್ಲಿ ಹೊಸತನ ಇದ್ದಿರಬಹುದು, 617 ಅಂಕಿಯ ಬೀಗಕ್ಕೆ ಅದರಿಂದ ಗೀರೂ ಬಿದ್ದಿಲ್ಲ.

ಹಾಗೆಂದು ಕ್ವಾಂಟಂ ಭೀತಿ ಪೊಳ್ಳಲ್ಲ. ತಕ್ಕಷ್ಟು ದೊಡ್ಡ ಕ್ವಾಂಟಂ ಕಂಪ್ಯೂಟರ್ ಇದ್ದರೆ ದೊಡ್ಡ ಸಂಖ್ಯೆಗಳನ್ನು ಬೇಗ ಒಡೆಯಬಹುದು ಎಂದು ಅಮೆರಿಕದ ಗಣಿತಜ್ಞ ಪೀಟರ್ ಶೋರ್ 1994ರಲ್ಲೇ ತೋರಿಸಿದ್ದಾರೆ. 617 ಅಂಕಿಗೆ ಎರಡು ಕೋಟಿ ಕ್ಯೂಬಿಟ್ (ಕ್ವಾಂಟಂ ಕಂಪ್ಯೂಟರಿನ ಬಿಟ್) ಬೇಕು ಎಂದು 2019ರಲ್ಲಿ ಅಂದಾಜು ಮಾಡಿದ್ದ ಗೂಗಲ್ ಸಂಶೋಧಕ ಕ್ರೇಗ್ ಗಿಡ್ನಿ, 2025ರಲ್ಲಿ ಅದನ್ನು ಹತ್ತು ಲಕ್ಷಕ್ಕಿಂತ ಕಡಿಮೆಗೆ ಇಳಿಸಿದ್ದಾರೆ. ಅಂಥ ಯಂತ್ರ ಇನ್ನೂ ಇಲ್ಲ, ಆದರೆ ಗುರಿ ಹತ್ತಿರ ಬರುತ್ತಿರುವುದು ನಿಜ. ಇಂದು ಕದ್ದಿಟ್ಟುಕೊಂಡ ಗೂಢ ಕಡತವನ್ನು ನಾಳೆ ಯಂತ್ರ ಬಂದ ಮೇಲೆ ಬಿಚ್ಚಬಹುದು. ದಶಕಗಟ್ಟಲೆ ಗುಟ್ಟಾಗಿರಬೇಕಾದ ಆರೋಗ್ಯ ದಾಖಲೆ, ರಕ್ಷಣಾ ಕಡತಗಳಿಗೆ ಈ ಅಪಾಯ ಇಂದಿನದೇ.

ಈ ಕಾರಣಕ್ಕೆ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2024ರ ಆಗಸ್ಟ್‌ನಲ್ಲಿ ಹೊಸ ಬೀಗಗಳ ಮೂರು ಮಾನಕಗಳನ್ನು ಪ್ರಕಟಿಸಿತು. ಯಾವುದೂ ಸಂಖ್ಯೆ ಒಡೆಯುವ ಕಷ್ಟವನ್ನು ನೆಚ್ಚಿಕೊಂಡಿಲ್ಲ. ಭಾರತ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. ಮೈಸೂರಿನ ಮುದ್ರಣಾಲಯದಲ್ಲಿ ಅಚ್ಚಾಗುವ ನೋಟಿಗೆ ಕಾಲಕಾಲಕ್ಕೆ ಹೊಸ ಭದ್ರತಾ ಗುರುತು ಸೇರಿಸುವಂತೆ ಡಿಜಿಟಲ್ ಹಣದ ಬೀಗಗಳೂ ಬರುವ ವರ್ಷಗಳಲ್ಲಿ ಬದಲಾಗುತ್ತವೆ. ಫೋನ್ ಹಿಡಿದವರಿಗೆ ಅದು ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ಕಂಡು ಮರೆತುಹೋಗುತ್ತದೆ.

ಇಷ್ಟಕ್ಕೂ ಯಾಕೆ ಬೇಕು

ಇಂಥ ಹುಡುಕಾಟದಿಂದ ವಿದ್ಯುತ್ ಸುಮ್ಮನೆ ಪೋಲಾಗುತ್ತದೆ ಎನ್ನುವವರ ಮಾತಿನಲ್ಲಿ ಹುರುಳಿದೆ. ಸಾವಿರಾರು ಚಿಪ್‌ಗಳನ್ನು ಓಡಿಸಿ ಸಿಕ್ಕ ಸಂಖ್ಯೆಯಿಂದ ಒಂದು ಸೇತುವೆಯೂ ಕಟ್ಟಲಾಗದು, ಒಂದು ಜ್ವರವೂ ಇಳಿಯದು. ಗಿಂಪ್ಸ್ ಕೊಡುವ ಬಹುಮಾನ 3,000 ಡಾಲರ್. ಅದನ್ನೂ ತಾವು ಓದಿದ ಅಲಬಾಮಾದ ಗಣಿತ-ವಿಜ್ಞಾನ ಶಾಲೆಗೆ ಕೊಡುವುದಾಗಿ ಡ್ಯುರಾಂಟ್ ಹೇಳಿದರು.

ಬೆಂಬಲಿಸುವವರು ತೋರಿಸುವುದು ಸಂಖ್ಯೆಯನ್ನಲ್ಲ, ಹುಡುಕಾಟದ ಉಪಫಲಗಳನ್ನು. ಇಲ್ಲಿ ಅವರ ಕೈ ಮೇಲು. 1994ರಲ್ಲಿ ಥಾಮಸ್ ನೈಸ್ಲಿ ಎಂಬ ಪ್ರಾಧ್ಯಾಪಕರು ಜೋಡಿ ಅವಿಭಾಜ್ಯಗಳ (11, 13ರಂತೆ ಎರಡರ ಅಂತರದವು) ಲೆಕ್ಕ ಮಾಡುವಾಗ ಉತ್ತರ ತಪ್ಪುತ್ತಿರುವುದನ್ನು ಕಂಡು, ಕೊನೆಗೆ ದೋಷ ಇಂಟೆಲ್‌ನ ಪೆಂಟಿಯಂ ಚಿಪ್‌ನ ಭಾಗಾಕಾರದಲ್ಲೇ ಇದೆ ಎಂದು ಪತ್ತೆಹಚ್ಚಿದರು. ಕಂಪನಿಗೆ ಅದರಿಂದ ಬಿದ್ದ ಹೊರೆ 47.5 ಕೋಟಿ ಡಾಲರ್. 2016ರಲ್ಲಿ ಅದೇ ಕಂಪನಿಯ ಸ್ಕೈಲೇಕ್ ಚಿಪ್‌ನ ದೋಷ ಬಯಲಾದದ್ದು ಗಿಂಪ್ಸ್ ತಂತ್ರಾಂಶ ಓಡುವಾಗ. ವಾರಗಟ್ಟಲೆ ಒಂದು ಬಿಟ್ಟೂ ತಪ್ಪದೆ ನಡೆಯಬೇಕಾದ ಲೆಕ್ಕದಷ್ಟು ಕಟ್ಟುನಿಟ್ಟಾಗಿ ಚಿಪ್ ಪರೀಕ್ಷಿಸುವವರು ಕಡಿಮೆ. ಸಣ್ಣ ಮರ್ಸೆನ್ ಅವಿಭಾಜ್ಯಗಳಂತೂ ನೇರ ಉಪಯೋಗದಲ್ಲಿವೆ. 2ರ 521ನೇ ಘಾತದ ಅವಿಭಾಜ್ಯ ಇನ್ನೊಂದು ಬಗೆಯ ಗೂಢಲಿಪಿಗೆ ಆಧಾರ. ಅಲ್ಲಿ ಈ ಸಂಖ್ಯೆ ಗುಟ್ಟಲ್ಲ, ಎಲ್ಲರೂ ಆಡುವ ಅಂಗಳ. ಬೇಕಾಗಿರುವುದು ಅದರ ಕತ್ತರಿಸಿ ಕೂಡುವ ಗುಣ.

ಗಣಿತಜ್ಞರ ಒಂದು ಗುಂಪು ಇವೆರಡನ್ನೂ ಬಿಟ್ಟು ಬೇರೆಯದನ್ನು ಕೇಳುತ್ತದೆ: ಇನ್ನೊಂದು ಉದಾಹರಣೆ ಸಿಕ್ಕಿದ್ದರಿಂದ ತಿಳಿವಳಿಕೆ ಎಷ್ಟು ಹೆಚ್ಚಿತು? ಹೆಚ್ಚೇನಿಲ್ಲ. ಪ್ರತಿ ಮರ್ಸೆನ್ ಅವಿಭಾಜ್ಯದ ಜೊತೆ ಒಂದು ಪರಿಪೂರ್ಣ ಸಂಖ್ಯೆಯೂ ಹುಟ್ಟುತ್ತದೆ, ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತವೇ ತಾನಾಗಿರುವ ಸಂಖ್ಯೆ. 6 ಎಂದರೆ 1, 2, 3ರ ಮೊತ್ತ. 28 ಎಂದರೆ 1, 2, 4, 7, 14ರ ಮೊತ್ತ. ಹೊಸದಾಗಿ ಹುಟ್ಟಿದ ಪರಿಪೂರ್ಣ ಸಂಖ್ಯೆಗೆ 8,20,48,640 ಅಂಕಿ. ಆದರೆ ಮರ್ಸೆನ್ ಅವಿಭಾಜ್ಯಗಳು ಅನಂತವೇ, ಬೆಸ ಪರಿಪೂರ್ಣ ಸಂಖ್ಯೆ ಎಂಬುದು ಒಂದಾದರೂ ಇದೆಯೇ ಎಂಬ ಎರಡು ಹಳೆಯ ಪ್ರಶ್ನೆಗಳು ಅಕ್ಟೋಬರ್ 11ರಂದು ಎಲ್ಲಿದ್ದವೋ ಅಲ್ಲಿಯೇ ಇವೆ.

ನಿಜವಾಗಿ ಬದಲಾದದ್ದು ಆಟದ ಬಗೆ. ಮನೆ ಕಂಪ್ಯೂಟರ್‌ನ ಬಿಡುವಿನ ಹೊತ್ತನ್ನು ಕೊಟ್ಟು ಯಾರು ಬೇಕಾದರೂ ಗೆಲ್ಲಬಹುದಾಗಿದ್ದ ಸ್ಪರ್ಧೆಗೆ, ಬಾಡಿಗೆಗೆ ಚಿಪ್ ಪಡೆಯಬಲ್ಲ ದೊಡ್ಡ ಜೇಬುಗಳು ಬಂದಿವೆ. ಹತ್ತು ಕೋಟಿ ಅಂಕಿಯ ಮೊದಲ ಅವಿಭಾಜ್ಯಕ್ಕೆ ಡಿಜಿಟಲ್ ಹಕ್ಕುಗಳ ಸಂಸ್ಥೆಯಾದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಇಟ್ಟಿರುವ ಒಂದೂವರೆ ಲಕ್ಷ ಡಾಲರ್ ಬಹುಮಾನ ಇನ್ನೂ ಹಾಗೆಯೇ ಇದೆ. ಮರ್ಸೆನ್ ದಾರಿಯಲ್ಲಿ ಅದನ್ನು ಗೆಲ್ಲಲು ಘಾತ 33 ಕೋಟಿ ದಾಟಬೇಕು. ಅದಕ್ಕಾಗಿ ಓಡುತ್ತಿರುವ ಯಂತ್ರಗಳಲ್ಲಿ ಬಹುತೇಕ ಎಲ್ಲವೂ ಲೆಕ್ಕದ ಕೊನೆಗೆ ಸೊನ್ನೆಯಲ್ಲದ ಯಾವುದೋ ಒಂದು ಶೇಷವನ್ನು ತೋರಿಸಿ, ಮುಂದಿನ ಘಾತವನ್ನು ಎತ್ತಿಕೊಳ್ಳುತ್ತವೆ.